ದೊಡ್ಡಮ್ಮನ ಬ್ಯಾಂಡ್ ಸ್ವಿಚ್

ನಮ್ಮ ದೊಡ್ಡಮ್ಮನಿಗೆ ಕಣ್ಣು ಕಾಣುವುದಿಲ್ಲ. ಮಗುವಾಗಿದ್ದಾಗ ಬಂದ ಜ್ವರ ಬಿಟ್ಟುಹೋಗುವಾಗ ಎರಡೂ ಕಣ್ಣುಗಳನ್ನು ಜೊತೆಗೆ ಕರೆದುಕೊಂಡು ಹೋಯಿತು. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಯಾರಾದರೂ ಈ ವಿಷಯವನ್ನು ಮೆಲುದನಿಯಲ್ಲಿ, ‘ಅಯ್ಯೋ ಪಾಪ’ ಎನ್ನುವ ಧಾಟಿಯಲ್ಲಿ ಎತ್ತಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. “ಕಣ್ಣು ಹೋಗಿದೆ, ಕಿವಿ ಇದೆ, ಗಟ್ಟಿಯಾಗೇ ಹೇಳಿ” ಎಂದುಬಿಡುತ್ತಾಳೆ.

ಅವಳು ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತಳಾದ ಮೇಲೆ ತಂಗಿಯ ಮನೆಗೆ, ಅಂದರೆ ನಮ್ಮ ಮನೆಗೆ ಬಂದಳು. ಮಹಡಿಯ ಕೋಣೆ ಅವಳದು. ಒಂದು ಗೋಡೆಗೆ ಮಂಚ, ಇನ್ನೊಂದಕ್ಕೆ ಉದ್ದನೆಯ ಮೇಜು. ಆ ಕೋಣೆಯ ಬಲ್ಬು ಸುಟ್ಟುಹೋದದ್ದು ನಮ್ಮಲ್ಲಿ ಯಾರಾದರೂ ಹೋಗಿ ಎಡವಿದ ಮೇಲೇ ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಟ್ರಂಕಿನಷ್ಟು ದೊಡ್ಡದಾದ, ಕಬ್ಬಿಣದ ಮೈಯ ರೇಡಿಯೊ. ಹಾಡು ಕೇಳುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ಹ್ಯಾಮ್ ಅನ್ನುತ್ತಾರಲ್ಲ, ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ಕೂತು ಎಲ್ಲೆಲ್ಲಿಯವರ ಜೊತೆಗೋ ಹರಟೆ ಹೊಡೆಯುವವರು, ಅವರಲ್ಲಿ ನಮ್ಮ ದೊಡ್ಡಮ್ಮ ಒಬ್ಬಳು.

ಬರೀ ಒಬ್ಬಳಲ್ಲ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಹಾಜರಿ ಕರೆಯುವವಳು ಅವಳೇ. ಬೆಟ್ಟದ ಮೇಲಿನ ಹವಾಮಾನ ಕೇಂದ್ರದವನು, ದ್ವೀಪದ ಕಂಪೌಂಡರ್, ಎಲ್ಲೋ ಗಣಿಯ ಹತ್ತಿರ ಒಂಟಿಯಾಗಿರುವ ಸರ್ವೆಯರ್, ಹೀಗೆ ಹರಿದು ಹಂಚಿಹೋದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಆರೋಗ್ಯವೇ, ಮಳೆಯೇ, ದಾರಿ ತೆರೆದಿದೆಯೇ ಎಂದು ವಿಚಾರಿಸುತ್ತಿದ್ದಳು. ಇದಕ್ಕೆ ಊರಿನ ಹ್ಯಾಮ್ ಕ್ಲಬ್ಬಿನವರು ‘ನೆಟ್’ ಎನ್ನುತ್ತಾರೆ. ಯಾರ ದನಿ ಇವತ್ತು ಕುಗ್ಗಿದೆ, ಯಾರು ಮನೆಯವರ ಜೊತೆ ಜಗಳವಾಡಿ ಬಂದು ಕೂತಿದ್ದಾರೆ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಆದರೂ ಅಲ್ಲಿ ಕೇಳಿದ್ದನ್ನು ಕೆಳಗೆ ಬಂದು ನಮಗೆ ಹೇಳಿದವಳಲ್ಲ.

ಆ ರೇಡಿಯೊದ ಎದೆಯ ಮೇಲೆ ಒಂದು ದಪ್ಪ ಗುಂಡಿ ಇತ್ತು. ಅದೇ ಬ್ಯಾಂಡ್ ಸ್ವಿಚ್. ಬ್ಯಾಂಡ್ ಅಂದರೆ ರೇಡಿಯೊದ ದಾರಿಗಳು. ಬೆಳಿಗ್ಗೆ ಹತ್ತಿರದವರಿಗೆ ಒಂದು ದಾರಿ, ಬಿಸಿಲೇರಿದ ಮೇಲೆ ದೂರದವರಿಗೆ ಇನ್ನೊಂದು. ಗುಂಡಿ ತಿರುಗಿಸಿದರೆ ‘ಟಕ್’ ಎಂದು ಒಂದು ದಾರಿಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ದೊಡ್ಡಮ್ಮ ಟಕ್‌ಗಳನ್ನು ಎಣಿಸಿಕೊಂಡು, ಬೇಕಾದ ಕಡೆ ಹೋಗಿ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಹಾಜರಿ ಮುಗಿಸಿ, ದೂರದವರನ್ನು ಹುಡುಕಲು ಗುಂಡಿ ತಿರುಗಿಸಿದಳು. ಪಟ್ ಎಂದು ಸದ್ದಾಯಿತು. ಸುಟ್ಟ ಮರದ ಪುಡಿಯಂಥ ವಾಸನೆ ಮೆಟ್ಟಿಲಿಳಿದು ಅಡುಗೆಮನೆಯವರೆಗೂ ಬಂತು. ನಾನು ಓಡಿ ಹೋಗುವಷ್ಟರಲ್ಲಿ ಅವಳು ಪ್ಲಗ್ ಕಿತ್ತು, ರೇಡಿಯೊದ ನೆತ್ತಿಯ ಮೇಲೆ ಅಂಗೈಯಿಟ್ಟು ನಿಂತಿದ್ದಳು, ಜ್ವರ ನೋಡುವವರ ಹಾಗೆ.

ಕ್ಲಬ್ಬಿನ ಮೆಕ್ಯಾನಿಕ್ ಬಂದು ಬಿಚ್ಚಿದ. ಗುಂಡಿಯ ಹಿಂದೆ ಉದ್ದನೆಯ ಕಡ್ಡಿ, ಆ ಕಡ್ಡಿಗೆ ಪೋಣಿಸಿದ ಹಾಗೆ ಬಿಲ್ಲೆಗಳು. ಪ್ರತಿ ಬಿಲ್ಲೆಯ ಅಂಚಿನಲ್ಲಿ ಸುತ್ತಲೂ ಪುಟ್ಟ ಲೋಹದ ಚಿಮುಟಗಳು, ನಡುವೆ ತಿರುಗುವ ಚಕ್ರ. ಚಕ್ರದ ನಾಲಿಗೆ ಯಾವ ಚಿಮುಟದ ಬಾಯೊಳಗೆ ಹೋಗುತ್ತದೋ ಆ ದಾರಿ ತೆರೆಯುತ್ತದೆ. ಒಂದು ಬಿಲ್ಲೆ ಸುಟ್ಟು ಇದ್ದಿಲಾಗಿತ್ತು, ನಡುವಿನ ಚಕ್ರ ಸೀಳಿತ್ತು. ಮಿಕ್ಕದ್ದೆಲ್ಲ ಗಟ್ಟಿಮುಟ್ಟು. ಆದರೆ ಇದನ್ನು ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಯಾವುದೋ ಕಾಲವಾಗಿತ್ತು. ಮೆಕ್ಯಾನಿಕ್ ಗುಜರಿಯೆಲ್ಲ ಜಾಲಾಡಿದ, ಹೊರದೇಶದವರನ್ನೂ ಕೇಳಿದ. ಕೊನೆಗೆ ಕೈಚೆಲ್ಲಿದ.

ಆಗ ಕ್ಲಬ್ಬಿನ ಅಧ್ಯಕ್ಷರು ಬಂದರು. ಅವರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಏನಾದರೂ ಮೊದಲು ಹೋಗಿ ನಿಲ್ಲುವ ಮನುಷ್ಯ. ಆದರೆ ತಾನು ನಿಂತ ಮೇಲೆ ಬೇರೆಯವರು ಕೂರಬೇಕು ಎನ್ನುವ ಸ್ವಭಾವ. ಕ್ಲಬ್ಬಿನ ಪರವಾಗಿ ಹೊಸ ಸೆಟ್ಟನ್ನೇ ತಂದಿದ್ದರು. ಊಟದ ಡಬ್ಬಿಯಷ್ಟು ಚಿಕ್ಕದು, ಮುಂದೆ ಪೂರ್ತಿ ಗಾಜು, ಮುಟ್ಟಿದರೆ ಕೆಲಸ. ಫೋಟೊ ತೆಗೆಯಲು ಒಬ್ಬರನ್ನೂ ಕರೆತಂದಿದ್ದರು. ದೊಡ್ಡಮ್ಮ ಗಾಜಿನ ಮೇಲೆ ಬೆರಳಾಡಿಸಿದಳು. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಬೆರಳು ತಗುಲಿದ್ದಕ್ಕೇ ಸೆಟ್ಟು ಬ್ಯಾಂಡು ಬದಲಾಯಿಸಿಕೊಂಡು, ಹೆಂಗಸಿನ ದನಿಯಲ್ಲಿ ಅದನ್ನು ಸಾರಿ ಹೇಳಿತು. ಅಧ್ಯಕ್ಷರಿಗೆ ಅದೇ ಹೆಮ್ಮೆ. ನೋಡಿ, ಇದು ಮಾತಾಡುತ್ತದೆ, ನಿಮಗೆಂದೇ ಹೇಳಿ ಮಾಡಿಸಿದ ಹಾಗಿದೆ ಎಂದರು.

ದೊಡ್ಡಮ್ಮ ನ್ಯಾಯವಾಗಿಯೇ ಪ್ರಯತ್ನಿಸಿದಳು. ಅದರ ಜೊತೆ ಗುದ್ದಾಡಿಕೊಂಡೇ ಒಂದು ವಾರ ಹಾಜರಿ ಕರೆದಳು. ಆದರೆ ದ್ವೀಪದ ಕಂಪೌಂಡರ್‌ನ ದನಿ ಸೊಳ್ಳೆಯ ಗುಂಯ್‌ನಷ್ಟು ಸಣ್ಣಗೆ ಬರುವ ಹೊತ್ತಿಗೇ ಗಾಜಿನ ಡಬ್ಬಿಯ ಹೆಂಗಸು ‘ಧ್ವನಿ ಹೆಚ್ಚಿಸಲಾಗಿದೆ’ ಎಂದು ನಡುವೆ ಬಾಯಿ ಹಾಕುತ್ತಿದ್ದಳು. ಬಾಯಿ ಮುಚ್ಚಿಸಿದರೆ ಸೆಟ್ಟು ಯಾವ ದಾರಿಯಲ್ಲಿದೆ ಎಂಬುದೇ ತಿಳಿಯದು. ವಾರದ ಕೊನೆಗೆ ದೊಡ್ಡಮ್ಮ ಅದನ್ನು ಒರೆಸಿ, ಪೆಟ್ಟಿಗೆಯೊಳಗಿಟ್ಟು, ಅಧ್ಯಕ್ಷರಿಗೆ ಫೋನು ಮಾಡಿದಳು. ಉಡುಗೊರೆ ದೊಡ್ಡದು, ಕಣ್ಣಿದ್ದವರಿಗೆ ಕೊಡಿ, ನನ್ನ ಹಳೆಯದಕ್ಕೆ ಒಂದು ಸ್ವಿಚ್ ಹುಡುಕುವುದಾದರೆ ಉಪಕಾರವಾಗುತ್ತದೆ ಎಂದಳು.

ಅವರು ಪೆಟ್ಟಿಗೆ ಒಯ್ಯಲು ಬಂದಾಗ ನಾನೂ ಕೋಣೆಯಲ್ಲಿದ್ದೆ. ನೆಟ್ಟನ್ನು ಪೇಟೆಯ ಇನ್ನೊಬ್ಬರಿಗೆ ಒಪ್ಪಿಸಿದ್ದೇವೆ, ಕಮಿಟಿಯ ತೀರ್ಮಾನ ಎಂದು ಹೇಳುವಾಗ ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ತಪ್ಪು ತಿಳ್ಕೋಬೇಡಿ ಮೇಡಂ. ಇಷ್ಟು ವರ್ಷ ಮಾಡಿದ್ದೀರಿ. ಇನ್ನು ವಿಶ್ರಾಂತಿ ತಗೊಳ್ಳಿ” ಎಂದರು.

“ನಾನು ವಿಶ್ರಾಂತಿ ಕೇಳಲಿಲ್ಲ” ಎಂದಳು ದೊಡ್ಡಮ್ಮ. “ಸ್ವಿಚ್ ಕೇಳಿದೆ.”

ಅವರು ಹೋದ ಮೇಲೆ ಅವಳು ಊಟಕ್ಕೆ ಇಳಿಯಲಿಲ್ಲ. ನಮ್ಮಮ್ಮ ಕೆಲಸದಿಂದ ಬಂದು, ವಿಷಯ ಕೇಳಿ, ಚಪ್ಪಲಿ ಬಿಡದೆಯೇ ಮೇಲೆ ಹತ್ತಿದಳು.

ನಮ್ಮಮ್ಮ ಹಲ್ಲು ಮಾಡುವವಳು. ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹಲ್ಲಿನ ಸೆಟ್ಟು ಕಟ್ಟಿಕೊಡುವ ಲ್ಯಾಬಿನಲ್ಲಿ ಕೆಲಸ. ಮೇಣ, ಗಾರೆ, ಅರ, ಪುಟ್ಟ ಡ್ರಿಲ್ಲು, ತಂತಿ ಬಗ್ಗಿಸುವ ಇಕ್ಕಳ, ಇವುಗಳ ನಡುವೆಯೇ ಅವಳ ಆಯುಷ್ಯ ಕಳೆದಿತ್ತು. ಯಾರಾದರೂ ನಕ್ಕರೆ ಮೊದಲು ಅವಳಿಗೆ ಕಾಣುವುದು ಹಲ್ಲು, ಆಮೇಲೆ ಮುಖ. ಸುಟ್ಟ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿದಳು.

“ಮನುಷ್ಯರ ಬಾಯಿಗೇ ಹಲ್ಲು ಕೂರಿಸ್ತೀನಿ. ಈ ಡಬ್ಬದ ಬಾಯಿಗೆ ಕೂರಿಸೋಕಾಗಲ್ವಾ?” ಎಂದಳು. “ಏಳು, ಊಟಕ್ಕೆ ಬಾ.”

ಮರುದಿನದಿಂದ ಊಟದ ಮೇಜು ಕಾರ್ಖಾನೆಯಾಯಿತು. ಅಪ್ಪನೂ ನಾನೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತೆವು. ಬಿಲ್ಲೆಗೆ ಬರುವ ತಂತಿಗಳನ್ನು ಬಿಡಿಸುವ ಮೊದಲು ಅಮ್ಮ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಹೊರಟಳು. ಬಣ್ಣ ನನಗೆ ಯಾವ ಲೆಕ್ಕ ಎಂದು ದೊಡ್ಡಮ್ಮ ತಕರಾರು ತೆಗೆದಳು. ಕೊನೆಗೆ ಗಂಟುಗಳ ಲೆಕ್ಕಕ್ಕೆ ಇಬ್ಬರೂ ಒಪ್ಪಿದರು: ಮೊದಲ ತಂತಿಯ ದಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹಾಗೇ ಮುಂದೆ. ಒಬ್ಬಳು ಕಣ್ಣಲ್ಲಿ ಓದಿದರೆ ಇನ್ನೊಬ್ಬಳು ಬೆರಳಲ್ಲಿ ಓದಬಹುದು.

ಮೊದಲ ಬಿಲ್ಲೆಯನ್ನು ಅಮ್ಮ ತನಗೆ ಗೊತ್ತಿದ್ದ ವಸ್ತುವಿನಲ್ಲೇ ಮಾಡಿದಳು, ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಪ್ಲಾಸ್ಟಿಕ್ಕಿನಲ್ಲಿ. ಪಕ್ಕದ ಸುಡದ ಬಿಲ್ಲೆಯ ಅಚ್ಚು ತೆಗೆದು, ಎರಕ ಹೊಯ್ದು, ಉಜ್ಜಿ ನಯಮಾಡಿ ತಂದಳು. ಅಷ್ಟು ಚೆಂದದ ಗುಲಾಬಿ ಬಣ್ಣದ ರೇಡಿಯೊ ಭಾಗವನ್ನು ಭೂಮಿಯ ಮೇಲೆ ಯಾರೂ ನೋಡಿರಲಾರರು. ಅಪ್ಪ ಅದಕ್ಕೊಂದು ನಾಲಿಗೆಯೂ ಇರಲಿ ಎಂದು ಹೇಳಿ ಬೈಸಿಕೊಂಡರು. ಕಡ್ಡಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಆದರೆ ಮೆಕ್ಯಾನಿಕ್ ತಂತಿ ಬೆಸೆಯಲು ಬಿಸಿ ಕಡ್ಡಿ ಮುಟ್ಟಿಸಿದ್ದೇ ತಡ, ಒಸಡು ಮೆತ್ತಗಾಗಿ, ಚಿಮುಟಗಳೆಲ್ಲ ಅಲುಗುವ ಹಲ್ಲುಗಳಂತೆ ವಾಲಿದವು. ಅಮ್ಮ ಅದನ್ನು ಕಸದ ಬುಟ್ಟಿಗೆ ಎಸೆದಳು. ಸ್ವಲ್ಪ ಹೊತ್ತಾದ ಮೇಲೆ ಹೋಗಿ ಮತ್ತೆ ಎತ್ತಿಕೊಂಡು ಬಂದಳು. ಅಳತೆ ಸರಿಯಿತ್ತಲ್ಲ, ಅದನ್ನೇ ಮಾದರಿಯಾಗಿ ಇಟ್ಟುಕೊಂಡಳು.

ಬಿಸಿಗೆ ಬಗ್ಗದ ವಸ್ತು ಬೇಕಿತ್ತು. ಸರ್ಕಿಟ್ ಬೋರ್ಡಿಗೆ ಬಳಸುವ ಗಾಜಿನ ನಾರಿನ ಹಲಗೆಯಿದೆ ಎಂದು ಮೆಕ್ಯಾನಿಕ್ ಹೇಳಿದ, ಒಂದು ತುಂಡನ್ನೂ ತಂದುಕೊಟ್ಟ. ಅದನ್ನು ಕೊಯ್ದರೆ ಏಳುವ ಧೂಳು ಚರ್ಮಕ್ಕೆ ತಾಗಿ ತುರಿಸುತ್ತದೆ. ಅಮ್ಮ ಮುಖಕ್ಕೆ ಬಟ್ಟೆ ಕಟ್ಟಿ, ಹಿತ್ತಲಲ್ಲಿ ಕೂತು, ಸಣ್ಣ ಗರಗಸದಲ್ಲಿ ಕೊಯ್ದಳು, ಅರದಲ್ಲಿ ಉಜ್ಜಿದಳು. ಆಮೇಲೆ ಚಿಮುಟಗಳ ಸರದಿ. ಹಲ್ಲಿಗೆ ಕೊಂಡಿ ಮಾಡುವ ಉಕ್ಕಿನ ತಂತಿಗೆ ಬೆಸುಗೆ ಹಿಡಿಯಲಿಲ್ಲ. ಹಿತ್ತಾಳೆ ತಗಡು ಬಗ್ಗಿತು, ಆದರೆ ಬಗ್ಗಿದ್ದು ಮತ್ತೆ ಏಳಲಿಲ್ಲ. ಕಚ್ಚಿ ಹಿಡಿಯುವ ಗುಣವೇ ಅದಕ್ಕಿಲ್ಲ. ಆಗ ದೊಡ್ಡಮ್ಮನಿಗೆ ತನ್ನ ಎಕ್ಸ್‌ಚೇಂಜಿನ ನೆನಪಾಯಿತು. ಅಲ್ಲಿ ಹಗಲೂ ರಾತ್ರಿ ಟಕಟಕ ಎನ್ನುತ್ತಾ ಕರೆ ಜೋಡಿಸುತ್ತಿದ್ದ ರಿಲೇಗಳಲ್ಲಿ ಉದ್ದುದ್ದದ ಎಲೆಗಳಂಥ ಪಟ್ಟಿಗಳಿದ್ದವು, ಲಕ್ಷ ಸಲ ಬಗ್ಗಿದರೂ ನೆಟ್ಟಗಾಗುವಂಥವು. ಆ ರಿಲೇಗಳನ್ನೆಲ್ಲ ಮಾರಿದ್ದು ಎಕ್ಸ್‌ಚೇಂಜಿನ ಗೋದಾಮಿನ ಹಿಂದಿನ ಗುಜರಿಗೆ. ನಾನು ಅವರಿಬ್ಬರನ್ನೂ ಕರೆದುಕೊಂಡು ಹೋದೆ. ಗುಜರಿಯವನು ರಾಶಿ ತೋರಿಸಿದ. ದೊಡ್ಡಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಪಟ್ಟಿಯನ್ನೂ ಉಗುರಿನಿಂದ ಮೀಟಿ ಕೇಳುತ್ತಾ, ಇದು ಜೀವಂತ, ಇದು ಸತ್ತಿದೆ ಎಂದು ಬೇರೆ ಮಾಡಿದಳು. ಮನೆಗೆ ಬರುವಾಗ ಇಬ್ಬರ ಸೆರಗೂ ಗ್ರೀಸು.

ಆ ಪಟ್ಟಿಗಳಿಂದ ಚಿಮುಟ ಮಾಡುವುದಕ್ಕೆ ಅಮ್ಮ ಉಕ್ಕಿನ ಎರಡು ತುಂಡುಗಳಲ್ಲಿ ಗಂಡು ಅಚ್ಚು, ಹೆಣ್ಣು ಅಚ್ಚು ಕೆತ್ತಿದಳು. ನಡುವೆ ಪಟ್ಟಿಯಿಟ್ಟು ತಿರುಪಿನ ಹಿಡಿಕಟ್ಟಿನಲ್ಲಿ ಬಿಗಿದರೆ ಒಂದೇ ರೂಪದ ಚಿಮುಟಗಳು ಹೊರಬರಬೇಕು. ಮೊದಮೊದಲು ಬಂದವು ಒಂದಕ್ಕೊಂದು ಮುಖ ಕೊಡದ ದಾಯಾದಿಗಳ ಹಾಗಿದ್ದವು. ಅಚ್ಚನ್ನು ತಿದ್ದಿ ತಿದ್ದಿ ಕೊನೆಗೆ ಸರಿಬಂತು. ನಡುವಿನ ಚಕ್ರಕ್ಕೆ ಹಿತ್ತಾಳೆಯ ಬಳೆ ಕೊಯ್ದು, ಬೆಳ್ಳಿ ಕೆಲಸದವನ ಹತ್ತಿರ ಅದಕ್ಕೂ ಚಿಮುಟಗಳಿಗೂ ಬೆಳ್ಳಿಯ ಲೇಪ ಕೊಡಿಸಿದಳು. ಬಿಲ್ಲೆಗೆ ಚಿಮುಟ ಜಡಿಯುವ ಟೊಳ್ಳು ಮೊಳೆ ಎಲ್ಲೂ ಸಿಗಲಿಲ್ಲ. ಖಾಲಿಯಾದ ಬಾಲ್‌ಪೆನ್ ಕಡ್ಡಿಗಳ ಹಿತ್ತಾಳೆ ಮೂತಿ ಕತ್ತರಿಸಿ ಮಾಡಿದಳು. ನಮ್ಮ ಬೀದಿಯಲ್ಲಿ ಆ ತಿಂಗಳು ಪೆನ್ನು ಮುಗಿದವರು ಯಾರೂ ಬಿಸಾಡಲಿಲ್ಲ, ನಮ್ಮ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು.

ಸುದ್ದಿ ಅಧ್ಯಕ್ಷರ ಕಿವಿಗೂ ಬಿತ್ತು. ಒಂದು ಸಂಜೆ ಬಂದರು, ಮೇಜು ನೋಡಿ ಮುಖ ಸಣ್ಣದು ಮಾಡಿಕೊಂಡರು. ಈ ಸೆಟ್ಟಿನೊಳಗೆ ಹರಿಯುವ ಕರೆಂಟು ಆಟದ ಸಾಮಾನಲ್ಲ, ಹತ್ತಿಕೊಂಡರೆ ಮನೆ ಹೋಗುತ್ತದೆ, ಮನೆಯಲ್ಲಿ ಮಾಡಿದ ಭಾಗ ಹಾಕಿ ಚಾಲೂ ಮಾಡಲು ಕ್ಲಬ್ಬು ಬಿಡುವುದಿಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಅಪ್ಪ ನನ್ನ ಮುಖ ನೋಡಿದರು. ಅಮ್ಮ ಅರ ಕೆಳಗಿಟ್ಟಳು. ದೊಡ್ಡಮ್ಮ ಮಾತ್ರ ಒಂದು ಚಿಮುಟವನ್ನು ಬೆರಳ ನಡುವೆ ಹೊರಳಿಸುತ್ತಲೇ ಇದ್ದಳು.

“ಹಾಗಾದ್ರೆ ಬಂದು ಪರೀಕ್ಷೆ ಮಾಡಿ” ಎಂದಳು. “ಎಷ್ಟು ಕರೆಂಟು ಬೇಕೋ ಬಿಡಿ, ಎಷ್ಟು ಸಲ ಬೇಕೋ ತಿರುಗಿಸಿ. ಸುಟ್ಟರೆ ನಾನೇ ಗುಜರಿಗೆ ಹಾಕ್ತೀನಿ. ಸುಡದಿದ್ರೆ ಇನ್ನೊಂದು ಸಲ ನನಗೆ ವಿಶ್ರಾಂತಿ ಅನ್ನೋ ಮಾತು ಹೇಳಬಾರದು.”

ಪರೀಕ್ಷೆಗೆ ಮೊದಲು ಮನೆಯೊಳಗೇ ಒಂದು ಯುದ್ಧವಾಯಿತು. ಬಿಲ್ಲೆ ಸಿದ್ಧವಾಗಿ, ಕಡ್ಡಿಗೆ ಏರಿ, ಗುಂಡಿ ತಿರುಗಿದಾಗ ಅಮ್ಮ ಹೆರಿಗೆಯಾದವಳ ಹಾಗೆ ಕುರ್ಚಿಗೆ ಒರಗಿದ್ದಳು. ದೊಡ್ಡಮ್ಮ ಒಂದು ಕೈಯಲ್ಲಿ ಗುಂಡಿ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳನ್ನು ಬಿಲ್ಲೆಯ ಮೇಲಿಟ್ಟು ಕೇಳಿದಳು. ಮತ್ತೆ ತಿರುಗಿಸಿದಳು. ಮೂರನೆಯ ದಾರಿಯಲ್ಲಿ ತಪ್ಪಿದೆ ಎಂದಳು. ಟಕ್ ಮೊದಲು ಬರುತ್ತದೆ, ನಾಲಿಗೆ ಆಮೇಲೆ ಬಾಯೊಳಗೆ ಹೋಗುತ್ತದೆ.

ಅಮ್ಮ ಭೂತಗನ್ನಡಿ ಹಿಡಿದು ನೋಡಿದಳು. ಕೂದಲೆಳೆಯಷ್ಟು ವ್ಯತ್ಯಾಸ, ಅದರಿಂದ ಏನೂ ಆಗುವುದಿಲ್ಲ ಎಂದಳು. ಆಗುತ್ತದೆ ಎಂದಳು ದೊಡ್ಡಮ್ಮ. ಮೆಕ್ಯಾನಿಕ್ಕನೇ ನಡೆಯುತ್ತದೆ ಅಂದಿದ್ದಾನೆ ಎಂದಳು ಅಮ್ಮ. ಅವನು ಕಣ್ಣಲ್ಲಿ ನೋಡಿ ಹೇಳಿದ್ದು ಎಂದಳು ದೊಡ್ಡಮ್ಮ. ಆಮೇಲೆ ಮಾತು ಸ್ವಿಚ್ಚು ಬಿಟ್ಟು ಎಲ್ಲೆಲ್ಲಿಗೋ ಹೋಯಿತು. ಚಿಕ್ಕವಳಿದ್ದಾಗಿನಿಂದ ನಾನು ಮಾಡಿದ್ದು ಯಾವುದೂ ನಿನಗೆ ಹಿಡಿಸಿಲ್ಲ ಎಂದು ಅಮ್ಮ ಹೇಳುವವರೆಗೆ ಬಂತು.

“ನೀನು ಕಟ್ಟಿದ ಹಲ್ಲು ಕೂದಲೆಳೆಯಷ್ಟು ಎತ್ತರ ಆದ್ರೆ ಗಿರಾಕಿ ಅಗೀತಾರಾ, ಉಗೀತಾರಾ?” ಎಂದು ಕೇಳಿದಳು ದೊಡ್ಡಮ್ಮ.

ಎರಡು ದಿನ ಅಕ್ಕ ತಂಗಿ ಮಾತಾಡಲಿಲ್ಲ. ನಾನು ಮೆಟ್ಟಿಲ ಮೇಲೆ ಟಪಾಲಿನವಳಾದೆ. ‘ಉಪ್ಪು ಕಡಿಮೆ ಅಂತ ಹೇಳು’, ‘ಬೇಕಾದ್ರೆ ಹಾಕಿಕೊಳ್ಳಲಿ ಅಂತ ಹೇಳು’. ಮೂರನೆಯ ದಿನ ಲ್ಯಾಬಿನಿಂದ ಬಂದ ಅಮ್ಮ ಕೈಕಾಲು ತೊಳೆದು, ಮೇಜಿಗೆ ಕೂತು, ಬಿಲ್ಲೆಯನ್ನು ಪೂರ್ತಿ ಬಿಚ್ಚಿದಳು. ತಪ್ಪು ಆ ಒಂದು ಚಿಮುಟದ್ದಲ್ಲ, ಚಕ್ರದ ನಡುತೂತೇ ಒಂದು ಎಳೆ ಆಚೆ ಬಿದ್ದಿತ್ತು. ಮಿಕ್ಕ ಕಡೆ ಅದು ಹೇಗೋ ಮುಚ್ಚಿಹೋಗಿತ್ತು. ತೇಪೆ ಹಾಕಬಹುದಿತ್ತು. ಅವಳು ಹಾಕಲಿಲ್ಲ, ಚಕ್ರವನ್ನೇ ಹೊಸದಾಗಿ ಕೊಯ್ದಳು. ಮುಗಿದ ಮೇಲೆ ಮೇಲಕ್ಕೊಯ್ದು ದೊಡ್ಡಮ್ಮನ ಮಡಿಲಲ್ಲಿಟ್ಟಳು. ದೊಡ್ಡಮ್ಮ ತಿರುಗಿಸಿದಳು, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಆಮೇಲೆ ತಂಗಿಯ ಕೈ ಹುಡುಕಿ ಹಿಡಿದು, ಬೆರಳುಗಳ ಗಾಯಗಳನ್ನು ಒಂದೊಂದಾಗಿ ಸವರಿದಳು.

“ಅಂತೂ ನಿನ್ನ ಬಾಯಿ ಮುಚ್ಚಿಸಿದೆ, ನೋಡು” ಎಂದಳು ಅಮ್ಮ. ಇಬ್ಬರೂ ನಕ್ಕರು.

ಪರೀಕ್ಷೆಯ ದಿನ ಭಾನುವಾರ. ಅಧ್ಯಕ್ಷರು, ಮೆಕ್ಯಾನಿಕ್, ಕಮಿಟಿಯ ಇನ್ನಿಬ್ಬರು ಮಹಡಿಯ ಕೋಣೆಯಲ್ಲಿ ನಿಲ್ಲಲು ಜಾಗವಿಲ್ಲದೆ ನಿಂತರು. ಮೆಕ್ಯಾನಿಕ್ ಮೊದಲು ಬಿಲ್ಲೆಯೊಂದಕ್ಕೇ, ರೇಡಿಯೊ ತಡೆಯಬೇಕಾದ್ದಕ್ಕಿಂತ ಹೆಚ್ಚಿನ ಕರೆಂಟು ಕೊಟ್ಟು, ಎಲ್ಲಾದರೂ ಸೋರುತ್ತದೆಯೇ ಎಂದು ಮೀಟರು ಹಿಡಿದು ನೋಡಿದ. ಮುಳ್ಳು ಅಲುಗಲಿಲ್ಲ. ಅಧ್ಯಕ್ಷರು ತಾವೇ ಕೂತು ಗುಂಡಿ ತಿರುಗಿಸತೊಡಗಿದರು. ಕೈ ಸೋತಾಗ ಇನ್ನೊಬ್ಬರಿಗೆ ಬಿಟ್ಟರು. ಅಪ್ಪ ಚಹಾ ತಂದುಕೊಟ್ಟರು. ಟಕ್ ಟಕ್ ಎನ್ನುವುದು ನಿಲ್ಲಲಿಲ್ಲ. ಬಿಲ್ಲೆ ಬಿಸಿಯಾಗಲಿಲ್ಲ, ಚಿಮುಟ ಸಡಿಲವಾಗಲಿಲ್ಲ. ಕೊನೆಗೆ ಅದನ್ನು ಸೆಟ್ಟಿಗೆ ಬೆಸೆದು, ಗಂಟುಗಳನ್ನು ದೊಡ್ಡಮ್ಮನೇ ಮುಟ್ಟಿ ಒಪ್ಪಿದ ಮೇಲೆ ಪ್ಲಗ್ ಹಾಕಿದರು. ಸೆಟ್ಟಿನೊಳಗಿನ ಗಾಜಿನ ವಾಲ್ವುಗಳು ನಿಧಾನಕ್ಕೆ ಕೆಂಪಾದವು. ಧೂಳು ಕಾಯುವ ವಾಸನೆ ಬಂತು. ಸ್ಪೀಕರಿನಲ್ಲಿ ಮೊದಲು ಗಾಳಿಯ ಸದ್ದು, ಆಮೇಲೆ ಎಲ್ಲೋ ಇಬ್ಬರು ಯಾವುದೋ ಭಾಷೆಯಲ್ಲಿ ನಗುತ್ತಾ ಮಾತಾಡುವುದು ಕೇಳಿಸಿತು.

ಅಧ್ಯಕ್ಷರು ಎದ್ದು ನಿಂತು ಅಮ್ಮನಿಗೆ ಕೈ ಮುಗಿದರು, ಮನಸ್ಸಿನಿಂದಲೇ. ಆದರೆ ನೆಟ್ಟಿನ ಮಾತು ಬಂದಾಗ, ಅದು ಆಗಲೇ ಇನ್ನೊಬ್ಬರಿಗೆ ಹೋಗಿದೆ, ಕೊಟ್ಟದ್ದನ್ನು ಕಿತ್ತುಕೊಳ್ಳಲಾಗದು, ಬೇಕಾದರೆ ತಿಂಗಳಿಗೊಮ್ಮೆ ಅತಿಥಿಯಾಗಿ ನೀವು ನಡೆಸಿಕೊಡಿ ಎಂದರು.

“ಅದು ಅವರ ಹತ್ತಿರವೇ ಇರಲಿ” ಎಂದಳು ದೊಡ್ಡಮ್ಮ. “ಅತಿಥಿಯಾಗಿ ಯಾಕೆ ಬರಲಿ? ಗಾಳಿಗೆ ಯಾರೂ ಬೇಲಿ ಹಾಕಿಲ್ಲವಲ್ಲ.”

ಮರುದಿನ ಬೆಳಿಗ್ಗೆ, ಕ್ಲಬ್ಬಿನ ಹಾಜರಿಗಿಂತ ಅರ್ಧ ಗಂಟೆ ಮೊದಲು, ಬೇರೆ ದಾರಿಯಲ್ಲಿ ಅವಳು ತನ್ನದೇ ಹಾಜರಿ ಕರೆದಳು. ಯಾರಿಗೂ ಹೇಳಿರಲಿಲ್ಲ, ಹೇಳುವುದಕ್ಕೆ ಅವಳ ಸ್ವಾಭಿಮಾನ ಒಪ್ಪಲಿಲ್ಲ. ಕರೆದಳು, ಕಾದಳು. ಬರೀ ಗಾಳಿ. ಹಾಜರಿ ಮುಗಿಯಿತು ಎಂದು ಕ್ರಮದ ಪ್ರಕಾರವೇ ಹೇಳಿ ಮುಚ್ಚಿದಳು. ಮರುದಿನವೂ ಅದೇ. ಅದರ ಮರುದಿನವೂ. ಚಹಾ ಕೊಡಲು ಹೋದ ನಾನು, ಖಾಲಿ ಅಂಗಳದಲ್ಲಿ ಯಾಕೆ ಕೂಗುತ್ತೀಯ, ಯಾರಿಗಾದರೂ ಫೋನು ಮಾಡಿ ತಿಳಿಸೋಣವೇ ಎಂದೆ. ಬೇಡ ಎಂದಳು. ಯಾರೂ ಇಲ್ಲದಿದ್ದರೂ ಬಾಗಿಲು ತೆಗೆಯುವವನೇ ಅಂಗಡಿಯವನು ಅಂತೆ. ಆ ವಾರವೆಲ್ಲ ಅವಳು ನೆಟ್ಟಗೆ ಕೂತು, ಸ್ಪಷ್ಟವಾಗಿ, ಒಂದಿಷ್ಟೂ ದನಿ ತಗ್ಗಿಸದೆ ಯಾರೂ ಇಲ್ಲದ ಗಾಳಿಗೆ ಶುಭೋದಯ ಹೇಳಿದಳು. ಕೆಳಗೆ ಅಮ್ಮ ಅದನ್ನು ಕೇಳುತ್ತಾ, ತರಕಾರಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಮೊದಲು ಬಂದವನು ಸರ್ವೆಯರ್. ಸುಮ್ಮನೆ ಬ್ಯಾಂಡು ಸುತ್ತುತ್ತಾ ಇವಳ ದನಿಗೆ ತಗುಲಿಕೊಂಡಿದ್ದ. ಅವನು ದ್ವೀಪದವನಿಗೆ ಹೇಳಿದ, ದ್ವೀಪದವನು ಬೆಟ್ಟದವನಿಗೆ. ಏಳರ ಹಾಜರಿಗೂ ಅವರು ಹೋಗುತ್ತಿದ್ದರು, ಅದನ್ನು ಬಿಡಿ ಎಂದು ಇವಳು ಯಾರಿಗೂ ಹೇಳಲಿಲ್ಲ. ಈಗ ಮಳೆಗಾಲ ಮುಗಿದಿದೆ. ಆರೂವರೆಯ ದಾರಿಯಲ್ಲಿ ಮೊದಲಿಗಿಂತ ಜನ ಹೆಚ್ಚು. ಮೆಕ್ಯಾನಿಕ್ ತನ್ನ ಸ್ವಂತ ಸೆಟ್ಟಿನ ಸುಟ್ಟ ಸ್ವಿಚ್ಚನ್ನು ಕಾಗದದಲ್ಲಿ ಸುತ್ತಿ ತಂದು ಅಮ್ಮನಿಗೆ ಕೊಟ್ಟಿದ್ದಾನೆ. ಅವನ ಗೆಳೆಯರದ್ದೂ ಇವೆ. ನಾವಿನ್ನೂ ತೊಡೆಯ ಮೇಲೇ ಉಣ್ಣುತ್ತಿದ್ದೇವೆ.

ಮೊನ್ನೆ ಬೆಳಿಗ್ಗೆ ನಾನು ಮೇಲೆ ಹೋದಾಗ ದೊಡ್ಡಮ್ಮ ಸರ್ವೆಯರ್ ಜೊತೆ ಅವನ ಮಂಡಿನೋವಿನ ವಿಷಯ ಮಾತಾಡುತ್ತಿದ್ದಳು. ನಡುವೆ ಒಂದು ಗಟ್ಟಿ ದನಿ ನುಗ್ಗಿ, ಗಂಟಲು ಸರಿಮಾಡಿಕೊಂಡು, ತನ್ನ ರೇಡಿಯೊ ನಿಲಯದ ಗುರುತು ಹೇಳಿತು. ಅಧ್ಯಕ್ಷರು. ನಾನು ಬಾಗಿಲಲ್ಲೇ ನಿಂತೆ. ದೊಡ್ಡಮ್ಮ ಅವಸರ ಮಾಡಲಿಲ್ಲ. ಮೈಕಿನ ಗುಂಡಿ ಒತ್ತಿದಳು.

“ಕೇಳಿಸಿತು ಅಧ್ಯಕ್ಷರೇ, ಸ್ವಾಗತ” ಎಂದಳು. “ನಿಮಗಿಂತ ಮುಂಚೆ ಇನ್ನೂ ನಾಲ್ಕು ಜನ ಇದ್ದಾರೆ. ಸರದಿ ಬಂದಾಗ ಕರೀತೀನಿ, ಕಾಯ್ತಾ ಇರಿ.”

ಅವರು ಕಾದರು.